ನೋಟಕ್ಕೆ ತಿರುಗುವ ತೋಪು: ಮಲಿಕ್-ಎ-ಮೈದಾನ್‌ನಿಂದ ಒಂದು ವಿಆರ್ ಕೃತಿ

ಅಪಾಚೆ ಹೆಲಿಕಾಪ್ಟರಿನ 30 ಮಿ.ಮೀ. ಗನ್ನು ಪೈಲಟ್ ತಲೆ ತಿರುಗಿಸಿದತ್ತಲೇ ತಿರುಗಬಲ್ಲದು. ತಲೆ ಎತ್ತ ತಿರುಗಿತೆಂದು ಹೆಲ್ಮೆಟ್ ಅಳೆಯುತ್ತದೆ. ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ ಅಳೆಯುವುದೂ ಅದನ್ನೇ. 1968ರಲ್ಲಿ ಐವಾನ್ ಸದರ್ಲೆಂಡ್ ತಲೆಗೆ ತೊಡುವ ಪರದೆ ತಯಾರಿಸಿದಾಗ ಹಣ ಕೊಟ್ಟವರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ ಆರ್ಪಾ ಕೂಡ ಇತ್ತು. ಆಯುಧಕ್ಕೂ ವಿಆರ್‌ಗೂ ಇರುವ ಈ ನಂಟನ್ನು ಗೋಡೆಯ ಮೇಲೆ ಬರೆದು ಹಾಕಿದರೆ ಓದಿ ಮರೆತುಬಿಡುತ್ತಾರೆ. ನೋಡುಗರ ಕುತ್ತಿಗೆಗೇ ಅದು ತಿಳಿಯಬೇಕು. ವಿಜಯಪುರದ ಶೆರ್ಜಾ ಬುರುಜಿನ ಮೇಲಿರುವ, 1549ರಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪು ಇದಕ್ಕೆ ಹೇಳಿ ಮಾಡಿಸಿದಂತಿದೆ.

ಫೋನು, ಎನ್ವಿಡಿಯಾ ಕಾರ್ಡಿರುವ ಕಂಪ್ಯೂಟರು, ಒಂದು ಕ್ವೆಸ್ಟ್ ಹೆಡ್‌ಸೆಟ್ ಇದ್ದರೆ ಸಾಕು. ಫೋಟೊಗಳನ್ನು ಜೋಡಿಸಿ 3ಡಿ ಮಾದರಿ ಮಾಡುವ ಮೆಶ್‌ರೂಮ್, ಅದನ್ನು ತಿದ್ದುವ ಬ್ಲೆಂಡರ್, ಅದಕ್ಕೆ ಚಲನೆ ಕೊಡುವ ಗೇಮ್ ಎಂಜಿನ್ ಗೊಡೊ ಮೂರೂ ಉಚಿತ.

ಫೋಟೊ ತೆಗೆಯಲು ಮೋಡ ಕವಿದ ದಿನ ಹೋಗಿ. ನಯವಾದ ಲೋಹದ ಮೇಲೆ ಬಿಸಿಲಿನ ಹೊಳಪು ನೀವು ಸರಿದಂತೆ ತಾನೂ ಸರಿಯುತ್ತದೆ; ಚಿತ್ರಗಳ ಬಿಂದುಗಳು ತಾಳೆಯಾಗದೆ ಮೈಯೆಲ್ಲ ಗುಳಿ ಬೀಳುತ್ತದೆ. ಫೋಕಸ್, ಎಕ್ಸ್‌ಪೋಶರ್ ಎರಡನ್ನೂ ಲಾಕ್ ಮಾಡಿ, ಮೂರು ಎತ್ತರಗಳಲ್ಲಿ ಸುತ್ತು ಹಾಕಿ ಸುಮಾರು 200 ಫೋಟೊ ತೆಗೆಯಿರಿ. ಒಂದೊಂದೂ ಹಿಂದಿನದರ ಮೇಲೆ ಶೇ. 70ರಷ್ಟು ಕೂಡಿರಲಿ. ತೋಪಿನ ಮೂತಿಯಲ್ಲಿರುವ, ಆನೆಯನ್ನು ಕಚ್ಚಿದ ಸಿಂಹದ ಬಾಯಿಗೆ ಬೇರೆಯೇ 40 ಬೇಕು. ಕೊಳವೆಯ ಒಳಗತ್ತಲು ಸ್ಕ್ಯಾನಿಗೆ ಸಿಗುವುದಿಲ್ಲ, ಬ್ಲೆಂಡರಿನಲ್ಲಿ ಕಪ್ಪು ಸಿಲಿಂಡರ್ ಸೇರಿಸಿ. ಇದು ಸಂರಕ್ಷಿತ ಸ್ಮಾರಕ: ಟ್ರೈಪಾಡ್, ಡ್ರೋನ್ ಬೇಕಿದ್ದರೆ ಪುರಾತತ್ವ ಇಲಾಖೆಯ ಅನುಮತಿ ಮೊದಲು. ಗುರುತಿಗೆಂದು ಲೋಹಕ್ಕೆ ಚೀಟಿ ಅಂಟಿಸಲೇಬೇಡಿ.

ಸ್ಕ್ಯಾನಿಗೆ ನಿಜವಾದ ಅಳತೆ ಇರುವುದಿಲ್ಲ. ಉದ್ದವನ್ನು 4.45 ಮೀಟರಿಗೆ ಕೂರಿಸಿ, ಇಲ್ಲದಿದ್ದರೆ ಸುಮಾರು 55 ಟನ್ನಿನ ತೋಪು ಆಟಿಕೆಯಂತೆ ಕಾಣುತ್ತದೆ. ಮಾದರಿಯ ಮೈಯನ್ನು 80,000 ತ್ರಿಕೋನಗಳಿಗೆ ಇಳಿಸಿ. 72 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 72 ಚಿತ್ರಗಳಂತೆ, ಒಂದು ಚಿತ್ರಕ್ಕೆ (ಫ್ರೇಮ್) ಸಿಗುವುದು 14 ಮಿಲಿಸೆಕೆಂಡಿಗಿಂತ ಕಡಿಮೆ, ಅದು ಮೀರಿದರೆ ತಲೆಸುತ್ತು ಶುರು.

ಇನ್ನು ಕೃತಿಯ ಜೀವ. ಗೊಡೊದಲ್ಲಿ ಎಕ್ಸ್‌ಆರ್ ಕ್ಯಾಮೆರಾದ (ನೋಡುಗರ ತಲೆಯೊಂದಿಗೆ ಚಲಿಸುವ ಕ್ಯಾಮೆರಾ) ಚೈಲ್ಡ್ ಆಗಿ 50 ಮೀಟರಿನ ರೇಕಾಸ್ಟ್, ಅಂದರೆ ನೋಟದ ದಿಕ್ಕಿಗೆ ಹೋಗುವ ಕಾಣದ ಕಿರಣ, ಇಡಿ. ಅದು ತಾಗಿದ ಬಿಂದುವಿನತ್ತ ತೋಪು ತಿರುಗಲಿ. ಬಾಲ ತಿರುಗಿ ಬಂದರೆ ಮಾದರಿಯ ಮುಖ ಋಣ ಝಡ್ (−Z, ಗೊಡೊದಲ್ಲಿ ಮುಂದಿನ ದಿಕ್ಕು) ಕಡೆಗಿಲ್ಲ ಎಂದರ್ಥ. ತಿರುಗುವ ಕೇಂದ್ರ ತೋಪಿನ ನಡುವಿರಲಿ, ಏರಿಳಿತ ಕೆಳಗೆ 5, ಮೇಲೆ 20 ಡಿಗ್ರಿಗೆ ನಿಲ್ಲಲಿ, ಇಲ್ಲವಾದರೆ ಮೂತಿ ಕಲ್ಲಿನೊಳಗೆ ಇಳಿಯುತ್ತದೆ. ತಲೆ ತಿರುಗಿದ ಕೂಡಲೇ ತೋಪೂ ತಿರುಗಿದರೆ ಭಾರವೇ ಅನಿಸದು. ಎರಡು ಸೆಕೆಂಡ್ ಹಿಂದುಳಿದು, ಉಜ್ಜುವ ಸದ್ದಿನೊಂದಿಗೆ ಬರಬೇಕು. ತೋಪಷ್ಟೇ ತಿರುಗಲಿ, ನೆಲವನ್ನೂ ಕ್ಯಾಮೆರಾವನ್ನೂ ಕೋಡ್ ಮುಟ್ಟಬಾರದು.

ನೋಡುಗರನ್ನು ಮೂತಿಯ ಮುಂದೆ, ನಾಲ್ಕು ಮೀಟರ್ ದೂರ ನಿಲ್ಲಿಸಿ. ಅವರು ತೋಪನ್ನೇ ನೋಡಿದಾಗ ಕಿರಣ ತೋಪಿಗೇ ತಾಗಿ ಅದು ನಡುಗತೊಡಗುತ್ತದೆ. ಆ ಹೊತ್ತಿನಲ್ಲಿ ಗುರಿಯನ್ನು ನೋಡುಗರ ತಲೆಯ ಸ್ಥಾನಕ್ಕೆ ಬದಲಿಸಿ. ಸಿಂಹದ ಬಾಯಿ ನೋಡಬೇಕೆಂದರೆ ಅದು ತಮ್ಮತ್ತ ತಿರುಗಲೇಬೇಕು. ಗುಂಡು ಹಾರಿಸುವ ಗುಂಡಿ ಮಾತ್ರ ಬೇಡ. ಇಟ್ಟರೆ 2002ರಲ್ಲಿ ಅಮೆರಿಕದ ಸೇನೆ ನೇಮಕಾತಿಗೆಂದೇ ಉಚಿತವಾಗಿ ಬಿಟ್ಟ ಆಟದಂಥದ್ದು ಇನ್ನೊಂದು ಆದೀತು. ಕಂಟ್ರೋಲರ್ ಕೊಡದೆ ಕೈ ಖಾಲಿ ಬಿಡಿ.

ಪ್ರದರ್ಶನಕ್ಕೆ 2×2 ಮೀಟರ್ ಜಾಗ, ಸಮನಾದ ಬೆಳಕು ಸಾಕು. ಕತ್ತಲಾದರೆ ಟ್ರ್ಯಾಕಿಂಗ್ ತಪ್ಪುತ್ತದೆ. ಕಿಟಕಿಯ ಬಿಸಿಲು ಲೆನ್ಸಿಗೆ ಬಿದ್ದರೆ ಒಳಪರದೆ ಸುಟ್ಟುಹೋಗುತ್ತದೆ. ಹೆಡ್‌ಸೆಟ್ ಕೆಳಗಿಟ್ಟಾಗಲೆಲ್ಲ ಲೆನ್ಸಿಗೆ ಬಟ್ಟೆ ಮುಚ್ಚಿ.