ಅಮೆರಿಕದ ಸರ್ಕಾರಿ ಲಾ ಸ್ಕೂಲ್: ಅರ್ಜಿ ಹಾಕುವುದು ಹೇಗೆ, ಓದುವುದು ಹೇಗೆ?

ಅಮೆರಿಕದ ಲಾ ಸ್ಕೂಲ್‌ಗಳಲ್ಲಿ ತರಗತಿ ಶುರುವಾಗುವುದು ಆಗಸ್ಟ್ ಕೊನೆಯ ಹೊತ್ತಿಗೆ. ಅರ್ಜಿ ತೆಗೆದುಕೊಳ್ಳಲು ಶುರು ಮಾಡುವುದು ಮಾತ್ರ ಅದರ ಹಿಂದಿನ ವರ್ಷದ ಸೆಪ್ಟೆಂಬರ್ ಸುಮಾರಿಗೆ. ಪ್ರವೇಶ ಪರೀಕ್ಷೆ ಅದಕ್ಕೂ ಮೊದಲೇ ಮುಗಿದಿದ್ದರೆ ಒಳ್ಳೆಯದು. ಲೆಕ್ಕ ಹಾಕಿದರೆ, ಕ್ಲಾಸಿನಲ್ಲಿ ಕೂರುವುದಕ್ಕೆ ಒಂದೂವರೆ ವರ್ಷ ಮೊದಲೇ ತಯಾರಿ ಶುರುವಾಗಬೇಕು.

ಅರ್ಹತೆಯ ವಿಷಯ ಸರಳ. ಯಾವುದಾದರೂ ಒಂದು ಪದವಿ ಇರಬೇಕು, ಆಮೇಲೆ ಮೂರು ವರ್ಷದ ಜೆ.ಡಿ., ಅಂದರೆ ಕಾನೂನು ಪದವಿ. ಮೊದಲ ಪದವಿಯಲ್ಲಿ ಇತಿಹಾಸ ಓದಿದ್ದರೂ ಸರಿ, ಗಣಿತ ಓದಿದ್ದರೂ ಸರಿ. ಆದರೆ ಆ ಲಾ ಸ್ಕೂಲ್‌ಗೆ ಅಮೆರಿಕನ್ ಬಾರ್ ಅಸೋಸಿಯೇಷನ್, ಅಂದರೆ ಎಬಿಎ ಮಾನ್ಯತೆ ಇದೆಯೇ ಎಂದು ಮೊದಲು ನೋಡಿ. ಬಹುತೇಕ ರಾಜ್ಯಗಳಲ್ಲಿ ಆ ಮಾನ್ಯತೆ ಇಲ್ಲದ ಕಡೆ ಓದಿದವರಿಗೆ ವಕೀಲಿ ಪರೀಕ್ಷೆ ಬರೆಯುವುದೇ ಕಷ್ಟ.

ಮೊದಲ ಕೆಲಸ: ಎಲ್‌ಸ್ಯಾಟ್

ಎಲ್‌ಸ್ಯಾಟ್ ಎಂದರೆ ಲಾ ಸ್ಕೂಲ್‌ನ ಪ್ರವೇಶ ಪರೀಕ್ಷೆ. ಇದರಲ್ಲಿ ಕಾನೂನಿನ ಒಂದು ಪ್ರಶ್ನೆಯೂ ಇರುವುದಿಲ್ಲ. ಒಂದು ವಾದ ಕೊಡುತ್ತಾರೆ, ಅದರಲ್ಲಿ ತಪ್ಪೆಲ್ಲಿದೆ ಎಂದು ಕೇಳುತ್ತಾರೆ. 35 ನಿಮಿಷದ ನಾಲ್ಕು ಭಾಗಗಳಿದ್ದು, ಅವುಗಳಲ್ಲಿ ಮೂರಕ್ಕೆ ಮಾತ್ರ ಅಂಕ. ನಾಲ್ಕನೆಯದು ಪ್ರಶ್ನೆಗಳನ್ನು ಪರೀಕ್ಷಿಸಿ ನೋಡಲು ಇಟ್ಟದ್ದು, ಅದು ಯಾವುದೆಂದು ನಿಮಗೆ ಗೊತ್ತಾಗುವುದಿಲ್ಲ. ಅಂಕ 120ರಿಂದ 180ರ ನಡುವೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಹಳೆಯ ಪುಸ್ತಕ ಕೊಳ್ಳುವವರು ಸ್ವಲ್ಪ ಹುಷಾರು: ಎಲ್ಲರನ್ನೂ ಹೆದರಿಸುತ್ತಿದ್ದ ‘ಲಾಜಿಕ್ ಗೇಮ್ಸ್’ ಎಂಬ ಒಗಟಿನ ಭಾಗವನ್ನು 2024ರ ಆಗಸ್ಟ್‌ನಲ್ಲಿ ತೆಗೆದುಹಾಕಿದ್ದಾರೆ. ಸುಮ್ನೆ ಅದಕ್ಕೆ ತಿಂಗಳುಗಟ್ಟಲೆ ಸುರಿಯಬೇಡಿ.

ಪರೀಕ್ಷೆ ನಡೆಸುವ ಎಲ್‌ಎಸ್‌ಎಸಿ ಸಂಸ್ಥೆಯೇ ಅರ್ಜಿಯ ಕಾಗದಗಳನ್ನೂ ನೋಡಿಕೊಳ್ಳುತ್ತದೆ. ಅಂಕಪಟ್ಟಿ, ಶಿಫಾರಸು ಪತ್ರ ಎಲ್ಲವನ್ನೂ ಅಲ್ಲಿಗೆ ಒಂದು ಸಲ ಕಳಿಸಿದರೆ ಸಾಕು. ನೀವು ಅರ್ಜಿ ಹಾಕಿದ ಎಲ್ಲ ಕಡೆಗೂ ಅವರೇ ತಲುಪಿಸುತ್ತಾರೆ. ಬೇರೆ ದೇಶದಲ್ಲಿ ಪದವಿ ಪಡೆದವರ ಅಂಕಪಟ್ಟಿಯನ್ನು ಅವರು ಪರಿಶೀಲಿಸಬೇಕಾಗುತ್ತದೆ. ಅದಕ್ಕೆ ವಾರಗಳೇ ಹಿಡಿಯಬಹುದು, ಬೇಗ ಕಳಿಸಿ. ಎಷ್ಟೋ ಲಾ ಸ್ಕೂಲ್‌ಗಳು ಅರ್ಜಿ ಬಂದ ಹಾಗೇ ಓದಿ ಸೀಟು ತುಂಬುತ್ತಾ ಹೋಗುತ್ತವೆ. ಕೊನೆಯ ದಿನಾಂಕ ಮಾರ್ಚ್ ಎಂದಿದ್ದರೂ ನವೆಂಬರ್‌ನಲ್ಲಿ ಹಾಕಿದವರಿಗೆ ಸೀಟೂ ಜಾಸ್ತಿ, ವಿದ್ಯಾರ್ಥಿವೇತನದ ಹಣವೂ ಜಾಸ್ತಿ ಉಳಿದಿರುತ್ತದೆ.

ಜೊತೆಗೆ ನಿಮ್ಮ ಬಗ್ಗೆ ಎರಡು ಪುಟದ ಒಂದು ಬರಹ ಕೇಳುತ್ತಾರೆ. ‘ಚಿಕ್ಕಂದಿನಿಂದ ನ್ಯಾಯಕ್ಕಾಗಿ ಹೋರಾಡುವ ಆಸೆ’ ಎಂಬ ಸಾಲು ದಯವಿಟ್ಟು ಬೇಡ. ನಿಮ್ಮ ಬದುಕಿನಲ್ಲಿ ನಡೆದ ಒಂದೇ ಸಂಗತಿ ಆರಿಸಿಕೊಂಡು ಬಿಡಿಸಿ ಬರೆಯಿರಿ.

ಶುಲ್ಕದ ಲೆಕ್ಕ

ಸರ್ಕಾರಿ ವಿಶ್ವವಿದ್ಯಾಲಯ ಎಂದರೆ ಅಗ್ಗ ಎಂದುಕೊಳ್ಳುತ್ತೇವೆ, ಅಲ್ವಾ? ಆದರೆ ಅದು ಇರುವ ರಾಜ್ಯದ ನಿವಾಸಿಗಳಿಗೆ ಒಂದು ಶುಲ್ಕ, ಹೊರಗಿನವರಿಗೆ ಇನ್ನೊಂದು. ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಈ ಅಂತರ ದೊಡ್ಡದು. ಮಿಷಿಗನ್ ಮತ್ತು ವರ್ಜೀನಿಯಾ ವಿಶ್ವವಿದ್ಯಾಲಯಗಳ ಲಾ ಸ್ಕೂಲ್‌ಗಳಲ್ಲಿ ಅಂತರ ಸಣ್ಣದು, ಶುಲ್ಕವೂ ಖಾಸಗಿ ಕಡೆಯ ಹತ್ತಿರ ಹತ್ತಿರವೇ. ಇನ್ನು ನಿವಾಸಿ ಎನಿಸಿಕೊಳ್ಳುವುದು ಬರೀ ಮನೆ ಬಾಡಿಗೆಗೆ ಹಿಡಿದರೆ ಆಗುವ ಕೆಲಸವಲ್ಲ. ಸಾಮಾನ್ಯವಾಗಿ ಒಂದು ವರ್ಷ ಅಲ್ಲಿದ್ದು, ಬಂದದ್ದು ಓದಿಗಾಗಿ ಮಾತ್ರ ಅಲ್ಲ ಎಂದು ತೋರಿಸಬೇಕು. ತೆರಿಗೆ ಕಟ್ಟಿದ ಕಾಗದ, ಡ್ರೈವಿಂಗ್ ಲೈಸೆನ್ಸ್ ಕೇಳುತ್ತಾರೆ. ವಿದ್ಯಾರ್ಥಿ ವೀಸಾದಲ್ಲಿ ಬಂದವರಿಗೆ ಈ ರಿಯಾಯಿತಿ ಸಾಮಾನ್ಯವಾಗಿ ಸಿಗುವುದಿಲ್ಲ.

ಹಾಗಾಗಿ ಹೆಸರು ನೋಡಿ ಆರಿಸಬೇಡಿ. ಎಬಿಎ ನಿಯಮದಂತೆ ಪ್ರತಿ ಲಾ ಸ್ಕೂಲ್ ವರ್ಷಕ್ಕೊಮ್ಮೆ ‘509 ವರದಿ’ ಪ್ರಕಟಿಸಲೇಬೇಕು. ಸೇರಿದವರ ಎಲ್‌ಸ್ಯಾಟ್ ಅಂಕ, ಶುಲ್ಕ, ಎಷ್ಟು ಮಂದಿಗೆ ವಿದ್ಯಾರ್ಥಿವೇತನ ಸಿಕ್ಕಿತು, ಎಷ್ಟು ಮಂದಿ ಅದನ್ನು ನಡುವೆ ಕಳೆದುಕೊಂಡರು, ಎಲ್ಲವೂ ಅದರಲ್ಲಿರುತ್ತದೆ. ಬಣ್ಣದ ಬ್ರೋಷರ್‌ಗಿಂತ ಆ ಒಣ ಕೋಷ್ಟಕ ನೂರು ಪಾಲು ವಾಸಿ.

ನರಿ ಯಾರದು?

ಸೇರಿದ ಮೇಲೆ ಮೊದಲ ವರ್ಷ ಆಯ್ಕೆ ಅಂತ ಹೆಚ್ಚೇನೂ ಇಲ್ಲ. ಕರಾರು, ಆಸ್ತಿ, ಅಪರಾಧ, ಟಾರ್ಟ್ಸ್ (ಇನ್ನೊಬ್ಬರಿಗೆ ಮಾಡಿದ ಹಾನಿಗೆ ಪರಿಹಾರದ ಕಾನೂನು), ಸಿವಿಲ್ ದಾವೆ ನಡೆಸುವ ವಿಧಾನ, ಸಂವಿಧಾನ, ಕಾನೂನು ಬರವಣಿಗೆ. ಪಠ್ಯದಲ್ಲಿ ನಿಯಮಗಳ ಪಟ್ಟಿ ಸಿಗುವುದಿಲ್ಲ. ಹಳೆಯ ತೀರ್ಪುಗಳನ್ನೇ ಕೊಡುತ್ತಾರೆ, ಅವುಗಳಿಂದ ನಿಯಮವನ್ನು ನೀವೇ ಹೆಕ್ಕಬೇಕು.

ಆಸ್ತಿ ತರಗತಿಯಲ್ಲಿ ತಪ್ಪದೆ ಬರುವ ಒಂದು ತೀರ್ಪು ನೋಡಿ. ನ್ಯೂಯಾರ್ಕ್, 1805. ಪೋಸ್ಟ್ ಎಂಬಾತ ನಾಯಿಗಳನ್ನು ಬಿಟ್ಟು ನರಿಯೊಂದನ್ನು ಅಟ್ಟಿಸಿಕೊಂಡು ಹೋಗುತ್ತಿದ್ದ. ಪಿಯರ್ಸನ್ ಎಂಬಾತ ನಡುವೆ ಬಂದು, ಅಟ್ಟುತ್ತಿರುವುದು ಗೊತ್ತಿದ್ದೂ, ನರಿಯನ್ನು ಕೊಂದು ಹೊತ್ತೊಯ್ದ. ಕೆಳಗಿನ ಕೋರ್ಟಿನಲ್ಲಿ ಪೋಸ್ಟ್ ಗೆದ್ದ. ಮೇಲ್ಮನವಿಯಲ್ಲಿ ಪಿಯರ್ಸನ್ ಗೆದ್ದ. ಬರೀ ಬೆನ್ನಟ್ಟಿದರೆ ಕಾಡುಪ್ರಾಣಿ ನಿಮ್ಮದಾಗುವುದಿಲ್ಲ, ಹಿಡಿದಿರಬೇಕು ಅಥವಾ ಸಾಯುವಷ್ಟು ಗಾಯ ಮಾಡಿರಬೇಕು ಎಂದಿತು ನ್ಯಾಯಾಲಯ. ಲಿವಿಂಗ್‌ಸ್ಟನ್ ಎಂಬ ನ್ಯಾಯಮೂರ್ತಿ ಮಾತ್ರ ಒಪ್ಪಲಿಲ್ಲ. ಕಷ್ಟಪಟ್ಟು ಓಡಿದವನ ಬಾಯಿಂದ ಹೀಗೆ ಕಿತ್ತುಕೊಂಡರೆ ಇನ್ನು ಬೇಟೆಗೆ ಹೋಗುವವರಾರು ಎಂಬುದು ಅವರ ವಾದದ ತಿರುಳು.

ಇಂಥ ಪ್ರತಿ ತೀರ್ಪಿಗೂ ಒಂದು ಪುಟದ ‘ಬ್ರೀಫ್’ ಬರೆದುಕೊಳ್ಳಿ. ಏನಾಯಿತು, ಕೆಳಗಿನ ಕೋರ್ಟ್ ಏನು ಹೇಳಿತು, ಪ್ರಶ್ನೆ ಯಾವುದು, ಉತ್ತರವೇನು, ಅದಕ್ಕೆ ಕಾರಣವೇನು. ಕೊನೆಯದೇ ಮುಖ್ಯ. ಏಕೆಂದರೆ ಪ್ರೊಫೆಸರ್ ಮುನ್ಸೂಚನೆ ಇಲ್ಲದೆ ನಿಮ್ಮ ಹೆಸರು ಕೂಗಿ, ‘ನರಿ ಬಲೆಗೆ ಬಿದ್ದು ತಪ್ಪಿಸಿಕೊಂಡಿದ್ದರೆ?’ ಎನ್ನುತ್ತಾರೆ. ಇದಕ್ಕೆ ‘ಕೋಲ್ಡ್ ಕಾಲ್’ ಎಂದು ಹೆಸರು. ತಡವರಿಸಿದರೆ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತದೆ. ನಾಳೆ ಯಾರಿಗೂ ಅದು ನೆನಪಿರುವುದಿಲ್ಲ, ಬಿಡಿ.

ಬಹಳಷ್ಟು ವಿಷಯಗಳಲ್ಲಿ ಸೆಮಿಸ್ಟರ್ ಕೊನೆಯ ಒಂದೇ ಪರೀಕ್ಷೆ ಅಂಕ ನಿರ್ಧರಿಸುತ್ತದೆ. ಅಲ್ಲಿ ಪಿಯರ್ಸನ್ ಕಥೆ ಹೇಳಿ ಎಂದು ಯಾರೂ ಕೇಳುವುದಿಲ್ಲ. ಹೊಸದೊಂದು ಗೋಜಲು ಕೊಟ್ಟು, ಯಾರ ಮೇಲೆ ಯಾರು ಏನೆಂದು ದಾವೆ ಹೂಡಬಹುದು ಎನ್ನುತ್ತಾರೆ. ಎರಡೂ ಕಡೆಯ ವಾದ ಬರೆದವರಿಗೆ ಅಂಕ. ಅಂಕವೂ ಸಹಪಾಠಿಗಳಿಗೆ ಹೋಲಿಸಿ ಕೊಡುವಂಥದ್ದು. ಹಾಗಾಗಿ ಸೆಮಿಸ್ಟರ್ ಅರ್ಧಕ್ಕೆ ಬಂದಾಗಲೇ ಇಡೀ ವಿಷಯವನ್ನು ಒಂದು ‘ಔಟ್‌ಲೈನ್’ ಆಗಿ ಸ್ವಂತ ಮಾತಿನಲ್ಲಿ ಬರೆಯಲು ಶುರು ಮಾಡಿ. ಹಿರಿಯರ ಔಟ್‌ಲೈನ್ ಕೈಗೆ ಸಿಗುತ್ತದೆ. ಅದನ್ನು ಸರಿನೋಡಲು ಬಳಸಿ, ಓದಲು ಅಲ್ಲ. ಪ್ರೊಫೆಸರ್‌ಗಳ ಹಳೆಯ ಪ್ರಶ್ನೆಪತ್ರಿಕೆ ಸಿಕ್ಕರೆ ಗಡಿಯಾರ ಇಟ್ಟುಕೊಂಡು ಬರೆದು ನೋಡಿ.

ಇನ್ನೊಂದು ವಿಷಯ. ಅರ್ಜಿಯಲ್ಲಿ ಹಳೆಯ ಪೊಲೀಸ್ ಕೇಸು, ಕಾಲೇಜಿನ ಶಿಸ್ತುಕ್ರಮ ಏನಾದರೂ ಇತ್ತೇ ಎಂಬ ಪ್ರಶ್ನೆ ಇರುತ್ತದೆ. ಸಣ್ಣದೆಂದು ಮುಚ್ಚಿಡಬೇಡಿ. ಮೂರು ವರ್ಷದ ನಂತರ ವಕೀಲಿ ಪರವಾನಗಿ ಕೊಡುವವರು ಅದೇ ಪ್ರಶ್ನೆ ಮತ್ತೆ ಕೇಳುತ್ತಾರೆ, ಎರಡೂ ಉತ್ತರಗಳನ್ನು ಹೋಲಿಸುತ್ತಾರೆ. ಹಳೆಯ ತಪ್ಪಿಗಿಂತ ಉತ್ತರ ತಾಳೆಯಾಗದಿರುವುದೇ ಅಲ್ಲಿ ದೊಡ್ಡ ತೊಂದರೆ. ಸಲ್ಲಿಸಿದ ಅರ್ಜಿಯ ಒಂದು ಪ್ರತಿಯನ್ನು ಅವತ್ತೇ ಎತ್ತಿಟ್ಟುಕೊಳ್ಳಿ.