ಕಾರಾ ಫೈಲು, ಫ್ರಿಜ್ ಮೇಲಿನ ಕ್ಯಾಲೆಂಡರು

ಭಾರತದಿಂದ ಮಗು ದತ್ತು ತಗೊಳ್ಳುತ್ತೇವೆ ಅಂದಾಗ "ಸುಮ್ನೆ ದುಡ್ಡು ಹಾಳು, ಹೊರಗಿರುವವರ ಸರದಿ ಬರುವುದೇ ಇಲ್ಲ" ಎಂದು ನ್ಯೂಜೆರ್ಸಿಯ ಗೆಳೆಯರೆಲ್ಲ ಹೇಳಿದ್ದರು. ಮಗಳು ಈಗ ಪಕ್ಕದ ರೂಮಿನಲ್ಲಿ ಮಲಗಿದ್ದಾಳೆ. ಅದಕ್ಕೇ ಸ್ವಲ್ಪ ಜಂಬದಿಂದ ಬರೆಯುತ್ತಿದ್ದೇನೆ.

ಮೊದಲ ಏಟು ಬಿದ್ದಿದ್ದು ನನ್ನ ಹೆಸರಿನಿಂದ. ಮದುವೆ ಸರ್ಟಿಫಿಕೇಟ್‌ನಲ್ಲಿ ಬರೀ ಇನಿಷಿಯಲ್. ಹಳೆಯ ಪಾಸ್‌ಪೋರ್ಟ್‌ನಲ್ಲಿ ಊರು, ಅಪ್ಪನ ಹೆಸರು ಬಿಡಿಸಿ ಬರೆದಿದ್ದಾರೆ. ಅಮೆರಿಕದ ಪೌರತ್ವ ಪತ್ರದಲ್ಲಿ ಊರೇ ಮಾಯ! ನಮ್ಮ ಕಡೆಯವರಿಗೆ ಈ ಗೋಳು ಗೊತ್ತೇ ಇದೆ ಅಲ್ವಾ. ದತ್ತು ಏಜೆನ್ಸಿ ಫೈಲನ್ನು ಎರಡು ಸಲ ವಾಪಸ್ ಕಳಿಸಿತು. ಪ್ರತಿ ಸಲ ಹೊಸ ಅಫಿಡವಿಟ್, ನೋಟರಿ, ರಾಜ್ಯದ ರಾಜಧಾನಿ ಟ್ರೆಂಟನ್‌ನಿಂದ ಅಪೋಸ್ಟಿಲ್ (ಕಾಗದ ಬೇರೆ ದೇಶದಲ್ಲೂ ಸಲ್ಲಲು ಬೇಕಾದ ಸರ್ಕಾರಿ ದೃಢೀಕರಣ). ಕೊರಿಯರ್ ಸೇರಿ 600 ಡಾಲರ್ ಹೋಗಿರಬೇಕು. ಕೊನೆಗೆ ಒಂದೇ ಪುಟದ ಒಂದು ಕಾಗದ ಮಾಡಿ ಎಲ್ಲದರ ಮೇಲಿಟ್ಟೆ. ಆಮೇಲೆ ಯಾರೂ ಹೆಸರಿನ ತಂಟೆಗೆ ಬರಲಿಲ್ಲ. ಅದರಲ್ಲಿ ಏನಿತ್ತು ಅಂತ ಮಾತ್ರ ಇಲ್ಲಿ ಹೇಳುವುದಿಲ್ಲ.

2021ರಲ್ಲಿ ಭಾರತದ ಕೇಂದ್ರ ದತ್ತು ಪ್ರಾಧಿಕಾರವಾದ ಕಾರಾದಲ್ಲಿ ನೋಂದಣಿ ಆಯಿತು. ಆಮೇಲೆ ಕಾಯುವುದೇ ಕೆಲಸ. ಕಾಯುವಾಗ ಕಾಗದಗಳು ಹಳಸುತ್ತವೆ, ನಿಜವಾದ ತಲೆನೋವು ಅದು. ದತ್ತು ತಗೊಳ್ಳಲು ನಾವು ಅರ್ಹರು ಎಂದು ಅಮೆರಿಕದ ವಲಸೆ ಇಲಾಖೆ ಕೊಡುವ ಐ-800ಎ ಮಂಜೂರಾತಿ 15 ತಿಂಗಳಿಗೆ ಮುಗಿಯುತ್ತದೆ. ನಾನು ಜಾಣತನ ತೋರಿಸಲು ಹೋಗಿ ವಿಸ್ತರಣೆಯ ಅರ್ಜಿಯನ್ನು ನಾಲ್ಕು ತಿಂಗಳು ಮೊದಲೇ ಕಳಿಸಿದೆ. ಅವಧಿ ಮುಗಿಯುವ ಮುಂಚಿನ 90 ದಿನದೊಳಗೆ ಮಾತ್ರ ತಗೊಳ್ಳುತ್ತಾರೆ, ವಾಪಸ್ ಬಂತು. ಅಷ್ಟರಲ್ಲಿ ಹೋಮ್ ಸ್ಟಡಿ (ಸೋಷಿಯಲ್ ವರ್ಕರ್ ನಮ್ಮ ಮನೆ ನೋಡಿ ಬರೆಯುವ ವರದಿ) ಅಪ್‌ಡೇಟ್‌ಗೆ ಕೊಟ್ಟ 900 ಚಿಲ್ಲರೆ ಡಾಲರ್ ನೀರುಪಾಲು, ಮತ್ತೆ ಮಾಡಿಸಬೇಕಾಯಿತು.

ಆ ದಿನವೇ ಫ್ರಿಜ್ ಮೇಲೆ ಕ್ಯಾಲೆಂಡರ್ ಅಂಟಿಸಿದೆ. ಪ್ರತಿ ಕಾಗದಕ್ಕೂ ಸಾಯುವ ದಿನ ಕೆಂಪು ಶಾಯಿಯಲ್ಲಿ. ಅಲ್ಲಿಂದ ಹಿಂದಕ್ಕೆ ಎಣಿಸಿ, ಕೆಲಸ ಶುರುಮಾಡುವ ದಿನ ನೀಲಿಯಲ್ಲಿ. ಸೋಷಿಯಲ್ ವರ್ಕರ್ ನೋಡಿ ನಕ್ಕರು. ಆದರೆ ಅಲ್ಲಿಂದ ಮುಂದೆ ನಮ್ಮ ಒಂದು ಕಾಗದವೂ ಸಾಯಲಿಲ್ಲ.

2024ರಲ್ಲಿ ಒಂದು ರಾತ್ರಿ ರೆಫರಲ್, ಅಂದರೆ ನಮಗೆ ಸೂಚಿಸಿದ ಮಗುವಿನ ವಿವರ, ಬಂತು. ಒಡಿಶಾದ ಮಗು, ಎರಡು ವರ್ಷ. ಕಾಯ್ದಿರಿಸಲು 96 ಗಂಟೆ. ಮಕ್ಕಳ ಡಾಕ್ಟರನ್ನು ಮೊದಲೇ ಗೊತ್ತುಮಾಡಿಟ್ಟಿದ್ದೆ, 400 ಡಾಲರ್ ತಗೊಂಡು ಮೆಡಿಕಲ್ ರಿಪೋರ್ಟನ್ನು ಒಂದೇ ದಿನದಲ್ಲಿ ಓದಿಕೊಟ್ಟರು. ಐ-800 (ಈ ಮಗುವಿಗೆಂದೇ ಅಮೆರಿಕದ ಮಂಜೂರಾತಿ), ಆರ್ಟಿಕಲ್ 5 (ದತ್ತು ಮುಂದುವರಿಯಬಹುದು ಎಂಬ ಅಮೆರಿಕದ ಪತ್ರ), ಎನ್‌ಒಸಿ (ಕಾರಾದ ಒಪ್ಪಿಗೆ ಪತ್ರ) ಎಲ್ಲ ಸಾಲಾಗಿ ಬಂದವು. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಕೊಡುವುದು ಕೋರ್ಟಿನ ಬದಲು ಜಿಲ್ಲಾ ಮ್ಯಾಜಿಸ್ಟ್ರೇಟ್. ನಮಗೆ ಎರಡು ತಿಂಗಳೊಳಗೆ ಸಿಕ್ಕಿತು.

ಒಟ್ಟು ಖರ್ಚು ಸುಮಾರು 32,000 ಡಾಲರ್. ಅರ್ಧಕ್ಕಿಂತ ಜಾಸ್ತಿ ಏಜೆನ್ಸಿಗೇ. ಮಗು ಇದ್ದ ಸಂಸ್ಥೆಗೆ ಕಾರಾ ಗೊತ್ತುಮಾಡಿದ 5,000. ಉಳಿದದ್ದು ವಿಮಾನ, ಹೋಟೆಲ್, ದಿಲ್ಲಿಯಲ್ಲಿ ಮಗುವಿನ ಐಎಚ್-3 ವೀಸಾಕ್ಕೆ (ದತ್ತು ಮಕ್ಕಳಿಗೆ ಅಮೆರಿಕ ಕೊಡುವ ವೀಸಾ) ಕಾದ ದಿನಗಳು.

ನಡುವೆ ಇನ್ನೊಂದು ಪ್ರಯೋಗ. ಎನ್‌ಒಸಿ ಬಂದ ಮೇಲೆ ವಿಡಿಯೋ ಕಾಲ್‌ಗೆ ಬಿಟ್ಟರು, ಅದಕ್ಕಾಗಿ ನಾನು ಒಡಿಯಾ ಕಲಿಯಲು ಹೊರಟೆ. ನಲವತ್ತು ಪದ ಬಾಯಿಪಾಠ ಮಾಡಿದೆ. ನನ್ನ ಉಚ್ಚಾರಣೆ ಕೇಳಿ ಮಗು ಅತ್ತಿತು. ಹೆಂಡತಿ ಕನ್ನಡದಲ್ಲೇ ಮಾತಾಡಿದಳು, ನಕ್ಕಿತು!

ಮಗು ಹೇಗಿದೆ ಅಂತ ಎರಡು ವರ್ಷದಲ್ಲಿ ಆರು ಫಾಲೋಅಪ್ ರಿಪೋರ್ಟ್ ಕೊಡಬೇಕು, ಮೂರು ಮುಗಿದಿವೆ. ನಾಲ್ಕನೆಯದಕ್ಕೆ ಫೋಟೋ ಬೇಕು. ಕ್ಯಾಮೆರಾ ಎತ್ತಿದರೆ "ಪಾಣಿ" ಅಂತ ನೀರು ಕೇಳಿಕೊಂಡು ಅಡುಗೆಮನೆಗೆ ಓಡುತ್ತಾಳೆ.