ಟಂಟಂಗೆ ಬ್ಯಾಟರಿ: ಉಳಿತಾಯ ಯಾರ ಕಿಸೆಗೆ?

ಕಲಬುರಗಿಯ ಸೂಪರ್ ಮಾರ್ಕೆಟ್‌ನಿಂದ ಹುಮನಾಬಾದ್ ರಿಂಗ್ ರಸ್ತೆಯ ಕಡೆಗೆ ಓಡುತ್ತಿದ್ದ ನನ್ನ ಡೀಸೆಲ್ ಟಂಟಂಗಳನ್ನು, ಅಂದರೆ ಶೇರ್ ಆಟೊಗಳನ್ನು, ಮಾರಿ ಬ್ಯಾಟರಿ ಗಾಡಿ ತಂದಾಗ ಸ್ಟ್ಯಾಂಡಿನವರೆಲ್ಲ ಕೇಳಿದ್ದು, ಒಂದು ಚಾರ್ಜ್‌ಗೆ ಎಷ್ಟು ಕಿಲೋಮೀಟರ್ ಎಂದು. ಬಾಡಿಗೆಯ ಲೆಕ್ಕ ಏನು ಮಾಡಿದಿರಿ ಎಂದು ಯಾರೂ ಕೇಳಲಿಲ್ಲ. ನನ್ನ ನಿದ್ದೆ ಕೆಡಿಸಿದ್ದು ಅದೇ.

ಶೇರ್ ಆಟೊ ದಂಧೆಯಲ್ಲಿ ಗಾಡಿ ಮಾಲೀಕನದು, ಡೀಸೆಲ್ ಚಾಲಕನದು. ಸಂಜೆ ಅವನು ಗೊತ್ತುಮಾಡಿದ ಬಾಡಿಗೆ ಕೊಟ್ಟು ಉಳಿದದ್ದನ್ನು ಮನೆಗೆ ಒಯ್ಯುತ್ತಾನೆ. ಬ್ಯಾಟರಿ ಗಾಡಿ ಬಂದರೆ ಡೀಸೆಲ್ ಖರ್ಚು ಉಳಿಯುವುದು ಅವನಿಗೆ, ಕಂತು ಏರುವುದು ನನಗೆ. ಮಾಲೀಕರು ಹಿಂದೆಗೆಯುವುದು ಇಲ್ಲಿಯೇ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳು ಬಸ್ ಹತ್ತತೊಡಗಿದ ಮೇಲೆ ನಮ್ಮ ಸೀಟು ತುಂಬುವುದು ತಡವಾಯಿತು. ಬಾಡಿಗೆ ಇಳಿಸಿ ಎಂದು ಚಾಲಕರು ದುಂಬಾಲು ಬಿದ್ದಿದ್ದರು. ಅವರೊಡನೆ ಕುಳಿತು ಹೊಸ ಕರಾರು ಮಾಡಿದೆ: ಕರೆಂಟು ನನ್ನದು, ಬಾಡಿಗೆ ಏರುತ್ತದೆ, ಆದರೆ ಹಳೆಯ ಬಾಡಿಗೆಗೆ ಡೀಸೆಲ್ ಖರ್ಚು ಸೇರಿಸಿದ ಮೊತ್ತಕ್ಕಿಂತ ಕಡಿಮೆಯೇ ಇರಬೇಕು. «ಸಾಹುಕಾರರೇ, ಮೊದಲ ತಿಂಗಳು ಹಳೆಯ ಬಾಡಿಗೆಯಲ್ಲೇ ಓಡಿಸುತ್ತೇನೆ, ಆಮೇಲೆ ಮಾತು» ಎಂದ ಹಿರಿಯ ಚಾಲಕ. ಒಪ್ಪಿದೆ. ಕೈಗೆ ಬಂದ ಹಣ ನೋಡಿದ ಮೇಲೆ ಅವನೇ ಉಳಿದವರನ್ನು ಒಪ್ಪಿಸಿದ.

ಏಳೂವರೆ ಕಿಲೋವ್ಯಾಟ್ ಅವರ್ ಆಸುಪಾಸಿನ ಬ್ಯಾಟರಿ ಪೂರ್ತಿ ತುಂಬಲು ಎಂಟೊಂಬತ್ತು ಯೂನಿಟ್ ಬೇಕು. ಖರ್ಚು ಒಂದು ಲೀಟರ್ ಡೀಸೆಲ್‌ನ ಬೆಲೆಯೊಳಗೇ ಮುಗಿಯುತ್ತದೆ. ಆದರೆ ಮನೆಯ ಮೀಟರಿನಿಂದಲೇ ಎಳೆದರೆ ತಿಂಗಳಿಗೆ 200 ಯೂನಿಟ್ ದಾಟಿ ಗೃಹಜ್ಯೋತಿ ಕೈತಪ್ಪುತ್ತದೆ, ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಇದನ್ನು ಮೊದಲು ಲೆಕ್ಕ ಹಾಕಿ ಹೇಳಿದ್ದು ನನ್ನ ಹೆಂಡತಿ. ಮಾರಾಟಗಾರರು ತುಟಿ ಬಿಚ್ಚಿರಲಿಲ್ಲ. ಬೇರೆ ಮೀಟರ್ ಪಡೆದೆ. ಅಂಗಳದಲ್ಲಿ ಗುಂಡಿ ತೋಡಿ ಉಪ್ಪು, ಇದ್ದಿಲು ತುಂಬಿ ಅರ್ಥಿಂಗ್ ಮಾಡಿಸಿದೆ. ಬೇಸಿಗೆಯಲ್ಲಿ ಆ ಗುಂಡಿಗೆ ಆಗಾಗ ಒಂದು ಕೊಡ ನೀರು ಸುರಿಯಬೇಕು, ಮಣ್ಣು ಒಣಗಿದರೆ ಅರ್ಥಿಂಗ್ ಇದ್ದೂ ಇಲ್ಲದಂತೆ.

ಬಿಸಿಲಿನ ಮಾತು ಬೇರೆ. ನಮ್ಮಲ್ಲಿ ಮೇ ತಿಂಗಳಲ್ಲಿ 43 ಡಿಗ್ರಿ ಏರುವುದು ಹೊಸತಲ್ಲ. ಲಿಥಿಯಂ ಬ್ಯಾಟರಿಯನ್ನು ಅದರೊಳಗಿನ ಶಾಖ 45 ಡಿಗ್ರಿ ದಾಟಿದಾಗ ಚಾರ್ಜ್ ಮಾಡಬಾರದು, ಮತ್ತು ಓಡಿ ಬಂದ ಗಾಡಿಯ ಬ್ಯಾಟರಿ ಹೊರಗಿನ ಗಾಳಿಗಿಂತ ಬಿಸಿ ಇರುತ್ತದೆ. ಮಧ್ಯಾಹ್ನ ಜನ ಕಡಿಮೆ, ಚಾರ್ಜ್‌ಗೆ ಅದೇ ಹೊತ್ತು ಸರಿಹೋಗುತ್ತದೆ. ಹಾಗಾಗಿ ಗಾಡಿಯನ್ನು ಬೇವಿನ ಮರದಡಿ ನಿಲ್ಲಿಸಿ, ಚಾಲಕ ಊಟ ಮುಗಿಸಿ ಒಂದಿಷ್ಟು ಅಡ್ಡಾದ ಮೇಲೆಯೇ ಪ್ಲಗ್ ಹಾಕುತ್ತೇವೆ. ಸಂಜೆ ಕಾಲೇಜು, ಕಚೇರಿ ಬಿಡುವ ಹೊತ್ತಿಗೆ ಇಷ್ಟು ಸಾಕು.

ಹೆಚ್ಚು ಜನರನ್ನು ತುಂಬುವ ಹಳೆಯ ಚಾಳಿಗೆ ಈ ಗಾಡಿ ತಾನೇ ಕಡಿವಾಣ ಹಾಕಿತು, ಭಾರ ಹೆಚ್ಚಿದಷ್ಟೂ ಚಾರ್ಜ್ ಬೇಗ ಇಳಿಯುತ್ತದೆ. ಬ್ಯಾಟರಿ ಬದಲಿಸುವ ಖರ್ಚಿಗೆಂದು ಈಗಿನಿಂದಲೇ ಪಿಗ್ಮಿ ಕಟ್ಟುತ್ತಿದ್ದೇನೆ. ಅದನ್ನು ಬಾಡಿಗೆಯಲ್ಲಿ ಸೇರಿಸದೆ ಉಳಿತಾಯ ಲೆಕ್ಕ ಹಾಕುವ ಮಾಲೀಕರನ್ನು ಸ್ಟ್ಯಾಂಡಿನಲ್ಲಿ ದಿನವೂ ನೋಡುತ್ತೇನೆ.